ಒಂದು ಬೋಕಿಗೆ ಎಂಟು ಸಾಲು

ಹಳೆಯ ಕಾವ್ಯಗಳಿಗೆ ಟೀಕು ಬರೆಯುತ್ತಿದ್ದವರು ಪದ ಬಿಡಿಸಿ, ಅನ್ವಯ ಮಾಡಿ, ತಾತ್ಪರ್ಯ ಹೇಳಿ, ಕೊನೆಗೆ ‘ವಿಶೇಷ’ ಎಂದು ತಮ್ಮದೂ ಒಂದು ಮಾತು ಸೇರಿಸುತ್ತಿದ್ದರು. ಆ ಮರ್ಯಾದೆಯನ್ನು ನಾನಿಲ್ಲಿ ಸಲ್ಲಿಸಲು ಹೊರಟಿರುವುದು ಉತ್ಖನನದವರು ಇಡುವ ಮಡಕೆ ದಾಖಲೆ ಪುಸ್ತಕದ ಒಂದು ನಮೂದಿಗೆ. ಅದರ ಭಾಷೆ ಒಣ ಭಾಷೆ. ಕ್ರಿಯಾಪದಗಳೇ ಕಡಿಮೆ. ಆದರೆ ಅಷ್ಟು ಬಿಗಿಯಾಗಿ ಬರೆದ ಸಾಲುಗಳು ಕನ್ನಡದಲ್ಲಿ ಬೇರೆ ಸಿಗುವುದು ಕಷ್ಟ.

ಕೆಳಗಿನ ಮೂಲ ಯಾವ ವರದಿಯಿಂದಲೂ ಎತ್ತಿದ್ದಲ್ಲ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸಿಕ್ಕ ಬಗೆಯ ಒಂದು ಚೂರಿಗೆ ಹೇಗೆ ಬರೆಯಬಹುದೋ ಹಾಗೆ ನಾನೇ ಹೆಣೆದದ್ದು. ಚೂರು ಕಲ್ಪಿತ, ಅದರ ಒಡಹುಟ್ಟಿದವು ಸಾವಿರಾರು ಇವೆ.

ಮೂಲ:

ಬಟ್ಟಲಿನ ಬಾಯಂಚಿನ ಚೂರು, ಒಂದು.
ಬಾಯಗಲ, ಇಡೀ ಬಟ್ಟಲಿನ ಲೆಕ್ಕದಲ್ಲಿ, 18 ಸೆಂ.ಮೀ.
ಒಳಮೈ ಕಪ್ಪು, ಹೊರಮೈ ಅಂಚಿನಲ್ಲಿ ಕಪ್ಪು, ಕೆಳಗೆ ಕೆಂಪು.
ತಿಗರಿಯಲ್ಲಿ ಮಾಡಿದ್ದು, ಉಜ್ಜಿ ಹೊಳಪು ತಂದದ್ದು.
ಹೊರಮೈಯಲ್ಲಿ ಗೀರು, ಸುಟ್ಟ ಮೇಲಿನದು.
ಜತೆಗೆ: ಕಬ್ಬಿಣದ ತುಂಡು.
ಕೆಳಪದರ: ಕೈಯಲ್ಲಿ ಮಾಡಿದ ಬೂದು ಮಡಕೆ, ಕಲ್ಲಿನ ಕೊಡಲಿ. ಮೇಲ್ಪದರ: ಬಿಳಿ ಚಿತ್ತಾರದ ಕಾವಿ ಮಡಕೆ, ರೂಲೆಟೆಡ್ ತಟ್ಟೆ.
ಕಾಲ: (ಪೆನ್ಸಿಲಿನಲ್ಲಿ)

ಬಟ್ಟಲಿನ ಬಾಯಂಚಿನ ಚೂರು, ಒಂದು.

‘ಚೂರು’ ಎಂದರೆ ನಮ್ಮ ಹಳ್ಳಿಗಳ ಬೋಕಿ. ಚಿನ್ನ ಕಂಡರೆ ಎತ್ತಿಕೊಂಡು ಹೋಗುತ್ತಾರೆ, ತಾಮ್ರವನ್ನು ಕರಗಿಸಿ ಇನ್ನೊಂದು ಮಾಡುತ್ತಾರೆ, ಮರ ಗೆದ್ದಲಿಗೆ ಹೋಗುತ್ತದೆ, ಬಟ್ಟೆ ಮಣ್ಣಾಗುತ್ತದೆ. ಒಡೆದ ಮಡಕೆಯನ್ನು ಮಾತ್ರ ಯಾರೂ ಕದಿಯುವುದಿಲ್ಲ, ಅದು ಕೊಳೆಯುವುದೂ ಇಲ್ಲ. ಒಮ್ಮೆ ಚೆನ್ನಾಗಿ ಸುಟ್ಟ ಜೇಡಿ ನೀರಲ್ಲಿ ನೆನೆಸಿದರೂ ಮತ್ತೆ ಜೇಡಿಯಾಗದು. ಬೆಲೆಯಿಲ್ಲದ್ದು ಎಂಬ ಒಂದೇ ಕಾರಣಕ್ಕೆ ಉಳಿದುಕೊಂಡ ಸಾಕ್ಷಿ ಇದು. ಅರಮನೆಯ ಬೋಕಿಯೂ ಗುಡಿಸಲಿನ ಬೋಕಿಯೂ ಒಂದೇ ತಿಪ್ಪೆಯಲ್ಲಿ ಸಿಗುತ್ತವೆ ಅನ್ನುವುದು ಇತಿಹಾಸ ಬರೆಯುವವರಿಗೆ ಶಾಸನಗಳು ಕೊಡದ ಅನುಕೂಲ.

ಬೆಲೆಯಿಲ್ಲದ್ದು ಅಂದೆ, ಮಕ್ಕಳ ಮಟ್ಟಿಗೆ ಅದು ಪೂರಾ ನಿಜವಲ್ಲ. ಅಂಚು ಕುಟ್ಟಿ ದುಂಡಗೆ ಮಾಡಿದ ಬೋಕಿಗಳು ನಮ್ಮ ದೇಶದ ಹಳೆಯ ನೆಲೆಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಇಂಗ್ಲಿಷ್ ವರದಿಗಳಲ್ಲಿ ಅವಕ್ಕೆ ‘ಹಾಪ್‌ಸ್ಕಾಚ್’ ಎಂದೇ ಹೆಸರು. ಕುಂಟಾಬಿಲ್ಲೆ ಆಡಿದ ಯಾರಿಗೂ ಆ ಪದಕ್ಕೆ ಟೀಕು ಬೇಡ.

‘ಬಾಯಂಚು’ ಎಂದು ಬರೆದದ್ದು ಸುಮ್ಮನೆ ಅಲ್ಲ. ಹೊಟ್ಟೆಯ ಭಾಗದ ಚೂರು ಹೆಚ್ಚು ಹೇಳದು. ಕೊಡದ್ದೋ ಗುಡಾಣದ್ದೋ ಎಂಬುದೂ ಎಷ್ಟೋ ಸಲ ತಿಳಿಯದು. ಅಂಚು ಸಿಕ್ಕರೆ ಆಕಾರ ಸಿಕ್ಕಿತು. ‘ಒಂದು’ ಎಂಬ ಪದದಲ್ಲಿಯೂ ಒಂದು ಗುಟ್ಟಿದೆ. ದೊಡ್ಡ ಗುಡಾಣ ಒಡೆದರೆ ನೂರು ಚೂರು, ಸಣ್ಣ ಬಟ್ಟಲು ಒಡೆದರೆ ಮೂರೋ ನಾಲ್ಕೋ. ಬರೀ ಚೂರು ಎಣಿಸಿ ಈ ಊರಲ್ಲಿ ಗುಡಾಣವೇ ಹೆಚ್ಚು ಎಂದು ತೀರ್ಪು ಕೊಟ್ಟರೆ ಮೋಸ ಹೋದ ಹಾಗೆ. ಹಾಗಾಗಿ ತಿಳಿದವರು ಅಂಚುಗಳನ್ನು ಬೇರೆಯಾಗಿ ಎಣಿಸುತ್ತಾರೆ, ಜತೆಗೆ ತೂಕವನ್ನೂ ಹಾಕುತ್ತಾರೆ.

ಬಾಯಗಲ, ಇಡೀ ಬಟ್ಟಲಿನ ಲೆಕ್ಕದಲ್ಲಿ, 18 ಸೆಂ.ಮೀ.

ಎರಡು ಬೆರಳಗಲದ ಚೂರಿನಿಂದ ಇಡೀ ಬಟ್ಟಲಿನ ಅಳತೆ ಬಂದದ್ದು ಹೇಗೆ? ಒಂದು ಹಾಳೆ, ಅದರ ಮೇಲೆ ಒಂದೇ ನಡುಬಿಂದುವಿನ ಸುತ್ತ ಬರೆದ ಹತ್ತಾರು ವೃತ್ತಗಳು, ಪ್ರತಿಯೊಂದಕ್ಕೂ ಅಳತೆ. ಚೂರನ್ನು ಬೋರಲು ಹಾಕಿ ಅಂಚನ್ನು ಹಾಳೆಯ ಮೇಲೆ ಊರಬೇಕು. ಅಂಚಿಗೂ ಹಾಳೆಗೂ ನಡುವೆ ಬೆಳಕು ನುಸುಳದ ಹಾಗೆ ವಾಲಿಸಿ ಹಿಡಿದರೆ ಬಟ್ಟಲು ಬದುಕಿದ್ದಾಗ ಎಷ್ಟು ಓರೆಯಾಗಿತ್ತೋ ಅಷ್ಟೇ ಓರೆಗೆ ಚೂರು ನಿಂತಿರುತ್ತದೆ. ಆಮೇಲೆ ಯಾವ ವೃತ್ತದ ಬಳುಕು ಚೂರಿನ ಬಳುಕಿಗೆ ಸರಿಯಾಗಿ ಕೂರುತ್ತದೋ ನೋಡುವುದು. ಬಳೆಯ ತುಂಡು ನೋಡಿ ಕೈಯಳತೆ ಹೇಳುವ ಬಳೆಗಾರನ ಲೆಕ್ಕ ಇದೇ.

18 ಸೆಂ.ಮೀ. ಅಂದರೆ ಒಬ್ಬರ ಊಟಕ್ಕೆ ಸಾಕಾಗುವ ಬಟ್ಟಲು. ಇದರ ಜತೆಯ ದೊಡ್ಡ ಮಡಕೆಗಳಲ್ಲಿ ಹಲವಕ್ಕೆ ತಳ ದುಂಡು. ನೆಲದ ಮೇಲೆ ಇಟ್ಟರೆ ಉರುಳುತ್ತವೆ. ಮೂರು ಕಲ್ಲಿನ ಒಲೆಯ ಮೇಲೆ ಮಾತ್ರ ಗಟ್ಟಿಯಾಗಿ ಕೂರುತ್ತವೆ. ಅದಕ್ಕೆಂದೇ ಆ ಕಾಲದವರು ಮಣ್ಣಿನದೇ ಸಿಂಬೆ ಮಾಡಿ ಸುಟ್ಟು ಇಟ್ಟುಕೊಂಡಿದ್ದರು. ಪುಸ್ತಕಗಳಲ್ಲಿ ಅದನ್ನು ‘ಉಂಗುರಪೀಠ’ ಎಂದೆಲ್ಲ ಬರೆದಿರುವುದನ್ನು ಕಂಡಿದ್ದೇನೆ. ಸಿಂಬೆ ಎಂಬ ಪದ ಇರುವಾಗ ಪೀಠವೇಕೆ?

ಒಳಮೈ ಕಪ್ಪು, ಹೊರಮೈ ಅಂಚಿನಲ್ಲಿ ಕಪ್ಪು, ಕೆಳಗೆ ಕೆಂಪು.

ಈ ಸಾಲಿನ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಎರಡು ಬಣ್ಣ ಎಂದರೆ ಬಣ್ಣ ಬಳಿದದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಬಳಿದದ್ದಲ್ಲ. ಜೇಡಿ ಒಂದೇ, ಬಟ್ಟಲು ಒಂದೇ, ಬೇರೆಯಾದದ್ದು ಗಾಳಿ. ಜೇಡಿಯಲ್ಲಿ ಕಬ್ಬಿಣದ ಅಂಶವಿದೆ. ಬೇಯುವಾಗ ಗಾಳಿ ಧಾರಾಳವಾಗಿ ಆಡಿದರೆ ಅದು ತುಕ್ಕಿನ ಕೆಂಪಿಗೆ ತಿರುಗುತ್ತದೆ. ಗಾಳಿ ಕಟ್ಟಿ ಹೊಗೆ ಕೂಡಿಟ್ಟರೆ ಮೈ ಕಪ್ಪಾಗುತ್ತದೆ, ಹೊಗೆಯ ಮಸಿ ಮಣ್ಣಿನ ಸಂದುಗಳಿಗೆ ಇಳಿದು ಕೂರುತ್ತದೆ.

ಹಾಗಾದರೆ ಒಂದೇ ಬಟ್ಟಲಿಗೆ ಒಳಗೊಂದು ಗಾಳಿ, ಹೊರಗೊಂದು ಗಾಳಿ ಹೇಗೆ? ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದ ವಿವರಣೆ ಸರಳ: ಆವಿಗೆಯಲ್ಲಿ ಬಟ್ಟಲನ್ನು ಬೋರಲು ಹಾಕುವುದು, ಒಳಗೆ ಹೊಟ್ಟು, ಸೊಪ್ಪುಸದೆ ತುಂಬುವುದು. ಬಾಯಿ ಬೂದಿಯಲ್ಲಿ ಹೂತಿರುತ್ತದೆ, ಒಳಗಿನದು ಹೊಗೆಯಾಡುತ್ತದೆ. ಹೊರಮೈ ಬೆಂಕಿಗೂ ಗಾಳಿಗೂ ತೆರೆದಿರುತ್ತದೆ. ಅಂಚಿನ ಹೊರಬದಿಯ ಕಪ್ಪು ಪಟ್ಟಿ ಬೂದಿಯಲ್ಲಿ ಎಷ್ಟು ಆಳ ಹೂತಿತ್ತು ಎಂಬುದರ ಗುರುತು. ಮೊದಲು ಕೆಂಪಗೆ ಸುಟ್ಟು, ಮತ್ತೊಮ್ಮೆ ಒಳಗಷ್ಟೇ ಹೊಗೆ ಹಿಡಿಸಿದರು, ಎರಡು ಸಲ ಸುಟ್ಟರು ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಇದು ಅಕಸ್ಮಾತ್ತಾಗಿ ಆಗುವ ಕೆಲಸವಲ್ಲ. ಬೆಂಕಿಯನ್ನು ಹೀಗೆ ಹಿಡಿತಕ್ಕೆ ತರಬೇಕಾದರೆ ತಲೆಮಾರುಗಳ ಕೈಪಳಗು ಬೇಕು.

ಚೂರಿನ ಒಡೆದ ಬದಿಯನ್ನೂ ನೋಡಿ. ಇತ್ತ ಕಪ್ಪು, ಅತ್ತ ಕೆಂಪು, ನಡುವೆ ಬೂದು ಎಳೆ. ಆ ಎಳೆ ದಪ್ಪವಾಗಿದ್ದರೆ ಬೆಂಕಿ ಸಾಲದಾಯಿತು ಅಥವಾ ಸೌದೆ ಬೇಗ ಮುಗಿಯಿತು. ಎರಡು ಸಾವಿರ ವರ್ಷದ ಹಿಂದೆ ಒಂದು ದಿನ ಒಬ್ಬ ಕುಂಬಾರನಿಗೆ ಸೌದೆ ಕಡಿಮೆ ಬಿದ್ದದ್ದು ಈಗಲೂ ಕಾಣುತ್ತದೆ.

ತಿಗರಿಯಲ್ಲಿ ಮಾಡಿದ್ದು, ಉಜ್ಜಿ ಹೊಳಪು ತಂದದ್ದು.

ಒಳಮೈಯಲ್ಲಿ ಒಂದಕ್ಕೊಂದು ಸಮನಾಗಿ ಓಡುವ ಸಣ್ಣ ಗೆರೆಗಳಿದ್ದರೆ ತಿಗರಿ. ಬ್ರಹ್ಮಗಿರಿಯ ಈ ಮಡಕೆಗಳು ನಿಧಾನವಾಗಿ ತಿರುಗುವ ತಿಗರಿಯವು ಎಂದು ಅಗೆದವರು ಬರೆದಿದ್ದಾರೆ. ಕೆಳಪದರದ ಬೂದು ಮಡಕೆಗಳಲ್ಲಿ ಹೆಚ್ಚಿನವು ಕೈಯಲ್ಲೇ ಎತ್ತಿದವು. ನಡುವೆ ಏನೋ ಬದಲಾಯಿತು. ಕೈಯಲ್ಲಿ ಮಡಕೆ ಮಾಡಲು ಪ್ರತಿ ಮನೆಯಲ್ಲೂ ಆದೀತು. ತಿಗರಿ, ಆವಿಗೆ, ಸೌದೆ, ಎರಡು ಬಣ್ಣದ ವಿದ್ಯೆ ಎಲ್ಲ ಬೇಕಾದಾಗ ಅದೇ ಕೆಲಸದ ಜನ ಬೇಕಾಗುತ್ತಾರೆ. ಅವರು ಹೊಲ ಉಳುವುದು ಕಡಿಮೆಯಾಗುತ್ತದೆ, ಅವರ ಹೊಟ್ಟೆಗೆ ಬೇರೆಯವರು ಬೆಳೆಯಬೇಕಾಗುತ್ತದೆ. ಒಂದು ಗೆರೆಯಿಂದ ಇಷ್ಟು ಊಹೆ ಸಲ್ಲುತ್ತದೆ; ಇದಕ್ಕಿಂತ ಮುಂದೆ ಹೋಗಿ ಕುಂಬಾರರ ಕೇರಿ, ಜಾತಿ ಎಂದೆಲ್ಲ ಬರೆಯುವವರನ್ನು ಕಂಡರೆ ನನಗೆ ಗಾಬರಿ.

ಹೊಳಪು ಬಂದದ್ದು ಅರೆ ಒಣಗಿದ ಬಟ್ಟಲನ್ನು ನುಣ್ಣನೆಯ ಕಲ್ಲಿನಿಂದಲೋ ಅಂಥದೇ ಇನ್ನೊಂದರಿಂದಲೋ ಉಜ್ಜಿದ್ದರಿಂದ. ಉಜ್ಜಿದರೆ ಮೈಯ ಸಂದುಗಳು ಮುಚ್ಚುತ್ತವೆ, ಸಾರು ಸೋರುವುದು ಕಡಿಮೆಯಾಗುತ್ತದೆ. ಚೆಂದಕ್ಕೂ ಇರಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಮೊದಲರ್ಧದ ಅರ್ಥ ತಿಳಿಯಬೇಕಾದರೆ ಇಂಥ ಚೂರನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಬೇಕು. ಉಜ್ಜಿದ ಒಂದೊಂದು ಎಳೆತವೂ ಹೊಳೆಯುತ್ತದೆ.

ಹೊರಮೈಯಲ್ಲಿ ಗೀರು, ಸುಟ್ಟ ಮೇಲಿನದು.

ಸುಡುವ ಮುಂಚೆ ಗೀರಿದ್ದರೆ ಹಸಿ ಮಣ್ಣು ಅಕ್ಕಪಕ್ಕಕ್ಕೆ ಉಬ್ಬಿರುತ್ತದೆ, ಗೀರಿನ ತಳಕ್ಕೂ ಮೈಯ ಬಣ್ಣವೇ ಬಂದಿರುತ್ತದೆ. ಸುಟ್ಟ ಮೇಲೆ ಗೀರಿದ್ದರೆ ಅಂಚು ಚಕ್ಕೆ ಎದ್ದಿರುತ್ತದೆ, ಒಳಗಿನ ಬಣ್ಣ ಕಾಣುತ್ತದೆ. ಹಸಿಯಲ್ಲಿ ಗೀರಿದ್ದು ಕುಂಬಾರ. ಸುಟ್ಟ ಮೇಲೆ ಗೀರಿದ್ದು ಬಹುಶಃ ಕೊಂಡವರು. ಮದುವೆಮನೆಗೆ ಎರವಲು ಹೋಗುವ ಪಾತ್ರೆಗಳ ಮೇಲೆ ನಮ್ಮವರು ಹೆಸರು ಕೊರೆಸುವುದು ನೆನಪಾದರೆ ತಪ್ಪಿಲ್ಲ. ಆದರೆ ಇಲ್ಲಿ ಹೆಸರಿಲ್ಲ. ಏಣಿಯ ಹಾಗೆ, ಬಾಣದ ಹಾಗೆ, ಅಡ್ಡಗೆರೆ ಹಾಕಿದ ಕಡ್ಡಿಯ ಹಾಗೆ ಗುರುತುಗಳು. ದಕ್ಷಿಣ ಭಾರತದ ಉದ್ದಗಲಕ್ಕೂ ಇಂಥವು ಸಿಕ್ಕಿವೆ. ಇವನ್ನು ಹರಪ್ಪದ ಮಡಕೆಗಳ ಮೇಲಿನ ಗುರುತುಗಳ ಜತೆ ಹೋಲಿಸಿ ಬಿ.ಬಿ. ಲಾಲ್ 1960ರಲ್ಲಿ ಒಂದು ದೀರ್ಘ ಲೇಖನವನ್ನೇ ಬರೆದರು. ಹೋಲುವ ಗುರುತುಗಳು ಹಲವಿವೆ, ನಿಜ. ಆದರೆ ಅಡ್ಡಗೆರೆ, ಉದ್ದಗೆರೆ, ಬಾಣ ಇವು ಯಾರ ಕೈಗಾದರೂ ಬರುವ ಆಕಾರಗಳು. ಇದನ್ನು ಲಿಪಿ ಎಂದು ಓದಿ ತೋರಿಸಿದೆವು ಎನ್ನುವವರ ಪುಸ್ತಕಗಳನ್ನು ನಾನು ಕೊಳ್ಳುವುದನ್ನು ನಿಲ್ಲಿಸಿದ್ದೇನೆ.

ಇದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಓದಲು ಬರುವ ಕೊರೆತವೂ ಇದೆ. ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ, ಇಸಿಲದ ಮಹಾಮಾತ್ರರಿಗೆ ಸುವರ್ಣಗಿರಿಯಿಂದ ಹೋದ ಆಜ್ಞೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹೇಳಿ, ‘ಲಿಪಿಕಾರನಿಂದ’ ಎಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಎಂದು ತೋರಿಸುವ ಚಪಲ ಎಂದೇ ನನ್ನ ಗುಮಾನಿ. ಊರಲ್ಲಿ ಅದನ್ನು ಓದುವವರು ಎಷ್ಟು ಜನ ಇದ್ದಿರಬೇಕು! ದೂರದಿಂದ ಬಂದ ಬರಹಗಾರನ ಹೆಸರು ನಮಗೆ ಗೊತ್ತು. ಬಟ್ಟಲು ತನ್ನದೆಂದು ಗೀರಿಕೊಂಡ ಊರಿನವನ, ಅಥವಾ ಊರಿನವಳ, ಹೆಸರು ಗೊತ್ತಿಲ್ಲ.

ಜತೆಗೆ: ಕಬ್ಬಿಣದ ತುಂಡು.

ಈ ಸಾಲಿಗೆ ಹೆಚ್ಚು ಮಾತು ಬೇಡ. ಕುಡುಗೋಲು, ಚೂರಿ, ಈಟಿ ಇವೆಲ್ಲ ಕಪ್ಪು-ಕೆಂಪು ಮಡಕೆಯ ಪದರದಲ್ಲೇ ಬರುತ್ತವೆ. ಕೆಳಗಿನ ಕಲ್ಗೊಡಲಿಯ ಪದರದಲ್ಲಿ ಇಲ್ಲ. ಕಬ್ಬಿಣ ತುಕ್ಕು ಹಿಡಿದು ಗುರುತು ಸಿಗದ ಮುದ್ದೆಯಾಗಿರುತ್ತದೆ. ಪಕ್ಕದ ಬೋಕಿ ಮಾತ್ರ ಹಾಗೇ ಇರುತ್ತದೆ.

ಕೆಳಪದರ… ಮೇಲ್ಪದರ…

ಇಡೀ ನಮೂದಿನ ಜೀವ ಈ ಸಾಲು. ಮೊದಲ ಐದೂ ಸಾಲುಗಳನ್ನು ಚೂರನ್ನು ಕೈಯಲ್ಲಿ ಹಿಡಿದವರು ಯಾರಾದರೂ ಬರೆಯಬಹುದು. ಇದನ್ನು ಬರೆಯಬೇಕಾದರೆ ಚೂರು ನೆಲದಲ್ಲಿದ್ದಾಗಲೇ ನೋಡಿರಬೇಕು.

ಬ್ರಹ್ಮಗಿರಿಯಲ್ಲಿ ಮೊದಲು ಅಗೆದವರು ಮೈಸೂರಿನ ಎಂ.ಎಚ್. ಕೃಷ್ಣ. ಆಮೇಲೆ 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಬಂದರು. ಅವರ ಮುಂದಿದ್ದ ಒಗಟು ಇದು. ಊರ ಸುತ್ತ ನೂರಾರು ಕಲ್ಲುಗೋರಿಗಳು: ಕಲ್ಲುಚಪ್ಪಡಿಯ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ, ಸುತ್ತ ಗುಂಡುಗಳ ಬಳೆ. ನಮ್ಮ ಜನ ಇಂಥವನ್ನು ಮೋರ್ಯರ ಮನೆ ಎನ್ನುತ್ತಾರೆ. ಗೋರಿಗೆ ತಾರೀಕಿಲ್ಲ, ಅದು ಒಂದೇ ಸಲ ತೋಡಿ ಮುಚ್ಚಿದ ಗುಂಡಿ, ಅದರಲ್ಲಿ ಪದರಗಳ ಸಾಲೇ ಇರುವುದಿಲ್ಲ. ಊರಿನ ದಿಬ್ಬದಲ್ಲಿ ಪದರಗಳಿವೆ, ಆದರೆ ಗೋರಿ ಕಟ್ಟಿದವರು ಅದರ ಯಾವ ಪದರದಲ್ಲಿ ಬಾಳಿದರು? ಎರಡನ್ನೂ ಕಟ್ಟಿದ ಗಂಟು ಈ ಬಟ್ಟಲು. ಗೋರಿಯೊಳಗೆ ಇಟ್ಟಿದ್ದ ಕಪ್ಪು-ಕೆಂಪು ಬಟ್ಟಲಿಗೂ ಊರದಿಬ್ಬದ ನಡುಪದರದ ಬಟ್ಟಲಿಗೂ ವ್ಯತ್ಯಾಸವಿರಲಿಲ್ಲ. ಸತ್ತವರ ಜತೆ ಇಟ್ಟದ್ದು ಬದುಕಿದ್ದವರು ಉಣ್ಣುತ್ತಿದ್ದ ಬಗೆಯ ಪಾತ್ರೆಯನ್ನೇ.

ಸರಿ, ನಡುಪದರದ ಕಾಲ ಯಾವುದು? ಅದಕ್ಕೆ ಮೇಲ್ಪದರ ಕೇಳಬೇಕು. ಅಲ್ಲಿ ಸಾತವಾಹನರ ಕಾಲದ ಕಾವಿ ಬಣ್ಣದ ಮಡಕೆ, ಮೈಮೇಲೆ ಬಿಳಿ ಗೆರೆಗಳ ಚಿತ್ತಾರ. ಚಂದ್ರವಳ್ಳಿ, ಮಸ್ಕಿಗಳಲ್ಲೂ ಇದು ಸಿಗುತ್ತದೆ. ಜತೆಗೆ ರೂಲೆಟೆಡ್ ತಟ್ಟೆ: ನುಣ್ಣನೆಯ ಮಣ್ಣಿನ ಅಗಲವಾದ ತಟ್ಟೆ, ಒಳತಳದಲ್ಲಿ ಹಲ್ಲಿನ ಚಕ್ರ ಉರುಳಿಸಿದ ಹಾಗೆ ಚುಕ್ಕಿಗಳ ಬಳೆಗಳು.

ಈ ತಟ್ಟೆಯ ಕಾಲ ವೀಲರ್‌ಗೆ ಎರಡು ವರ್ಷ ಮುಂಚೆಯೇ ಗೊತ್ತಿತ್ತು. 1944ರಲ್ಲಿ ಮದರಾಸು ಮ್ಯೂಸಿಯಂನ ಬೀರುವೊಂದರಲ್ಲಿ ಅವರ ಕೈಗೆ ರೋಮನ್ ದ್ರಾಕ್ಷಾರಸದ ಜಾಡಿಯ ಕತ್ತು ಸಿಕ್ಕಿತು. ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಪುದುಚೇರಿಯ ಪಕ್ಕದ ಅರಿಕಮೇಡು. 1945ರಲ್ಲಿ ಅಲ್ಲಿ ಅಗೆದಾಗ ಇಟಲಿಯ ಅರೆಟ್ಸೋ ಊರಿನ ಹೊಳೆಯುವ ಕೆಂಪು ಪಾತ್ರೆಗಳು ಬಂದವು, ಕೆಲವುಗಳ ಮೇಲೆ ಕುಂಬಾರರ ಮುದ್ರೆ ಸಮೇತ. ಆ ಪಾತ್ರೆಗಳ ಕಾಲ ಯುರೋಪಿನಲ್ಲಿ ಗಟ್ಟಿಯಾಗಿ ಗೊತ್ತಿತ್ತು, ಕ್ರಿ.ಶ. ಮೊದಲ ಶತಮಾನದ ನಡುವಿಗೆ ಅವುಗಳ ಭರಾಟೆ ಮುಗಿದಿತ್ತು. ಅದೇ ನೆಲೆಯಲ್ಲಿ ರೂಲೆಟೆಡ್ ತಟ್ಟೆಯೂ ಇತ್ತು. ಇಟಲಿಯ ಪಾತ್ರೆ ರೂಲೆಟೆಡ್ ತಟ್ಟೆಗೆ ಕಾಲ ಹೇಳಿತು, ಆ ತಟ್ಟೆ ಬ್ರಹ್ಮಗಿರಿಯ ಮೇಲ್ಪದರಕ್ಕೆ, ಮೇಲ್ಪದರ ಅದರ ಕೆಳಗಿನದಕ್ಕೆ, ಅಲ್ಲಿನ ಬಟ್ಟಲು ಗೋರಿಗೆ. ಅರೆಟ್ಸೋದಲ್ಲಿ ಒಬ್ಬ ತನ್ನ ಹೆಸರಿನ ಮುದ್ರೆ ಒತ್ತಿದ್ದು ಮೊಳಕಾಲ್ಮೂರಿನ ಗೋರಿಗೆ ತಾರೀಕು ಕೊಟ್ಟಿತು. ನಡುವೆ ರಾಜರ ಹೆಸರು ಒಂದೂ ಬೇಕಾಗಲಿಲ್ಲ. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಈ ಲೆಕ್ಕಕ್ಕೆ ಪಕ್ಕದಿಂದ ಬಂದ ಸಾಕ್ಷಿ.

ಕಾಲ: (ಪೆನ್ಸಿಲಿನಲ್ಲಿ)

ಪೆನ್ಸಿಲು ಯಾಕೆ ಎಂದರೆ, ಆ ಚೆಂದದ ಸರಪಣಿಯ ಕೊಂಡಿಗಳು ಆಮೇಲೆ ಸಡಿಲವಾದವು. ವೀಲರ್ ಶಾಯಿಯಲ್ಲೇ ಬರೆದರು: ಕಪ್ಪು-ಕೆಂಪು ಬಟ್ಟಲಿನ ಜನ ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. ಮೊದಲ ಶತಮಾನದ ನಡುವಿನವರೆಗೆ ಎಂದು. ಮೇಲಿನ ಮೊಳೆ ಗಟ್ಟಿಯಾಗಿತ್ತು, ಕೆಳಗೆ ಹಿಡಿಯಲು ಏನೂ ಇರಲಿಲ್ಲ. ಪದರದ ದಪ್ಪ ನೋಡಿ ವರ್ಷ ಊಹಿಸಿದರು. ಇಂಗಾಲ-14ರ ವಿಧಾನ ಬಂದದ್ದೇ 1949ರ ಹೊತ್ತಿಗೆ. ಮುಂದೆ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣ ಸಿಕ್ಕ ಪದರದ ಇದ್ದಿಲು ಕ್ರಿ.ಪೂ. 1000ದ ಆಸುಪಾಸಿನ ಕಾಲ ಕೊಟ್ಟಿತು. ಕಲ್ಗೊಡಲಿಯ ಜನರಂತೂ ದಕ್ಷಿಣದಲ್ಲಿ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋದರು. ರೂಲೆಟೆಡ್ ತಟ್ಟೆಯೂ ಮಾತು ಬದಲಿಸಿತು: ಅರಿಕಮೇಡಿನಲ್ಲಿ ಮರಳಿ ಅಗೆದ ವಿಮಲಾ ಬೇಗ್ಲಿ ಅದರ ಆರಂಭವನ್ನು ಕ್ರಿಸ್ತನಿಗಿಂತ ಹಿಂದಕ್ಕೆ ಒಯ್ದರು. ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗ್ಟೆ ಅದರ ಜೇಡಿಯನ್ನು ಕ್ಷ-ಕಿರಣಕ್ಕೊಡ್ಡಿ ನೋಡಿ, ಅದು ಗಂಗೆಯ ಕೆಳಹರಿವಿನ ಬಂಗಾಳದ ಮಣ್ಣು ಎಂದರು. ರೋಮಿನ ನಂಟಸ್ತಿಕೆಯ ಗುರುತೆಂದುಕೊಂಡ ತಟ್ಟೆ ನಮ್ಮದೇ ಕರಾವಳಿಯ ವ್ಯಾಪಾರದ್ದು.

ಹೊಸ ಲೆಕ್ಕದಂತೆ ನೋಡಿದರೆ ಚಪಡ ಬಂಡೆಯ ಬಳಿ ಬಂದಾಗ ಸುತ್ತಲಿನವರು ಕಪ್ಪು-ಕೆಂಪು ಬಟ್ಟಲಲ್ಲಿ ಉಣ್ಣುತ್ತಿದ್ದರು. ವೀಲರ್ ಲೆಕ್ಕದಲ್ಲಿ ಅವರಿನ್ನೂ ಕಲ್ಗೊಡಲಿಯವರು.

ಇನ್ನೊಂದನ್ನೂ ಶಾಯಿಯಲ್ಲಿ ಬರೆಯಬಾರದಿತ್ತು. ಹೊಸ ಮಡಕೆ ಬಂತು, ಕಬ್ಬಿಣ ಬಂತು, ಆದ್ದರಿಂದ ಹೊಸ ಜನ ಬಂದರು ಎಂಬ ಮಾತು. ನಮ್ಮ ಅಡುಗೆಮನೆಗಳನ್ನೇ ನೋಡಿ: ಅಜ್ಜಿಯ ಮಣ್ಣಿನ ಮಡಕೆ ಅಮ್ಮನ ಕಾಲಕ್ಕೆ ಅಲ್ಯೂಮಿನಿಯಂ ಆಯಿತು, ನಮ್ಮ ಕಾಲಕ್ಕೆ ಸ್ಟೀಲು. ತಿಪ್ಪೆಯಲ್ಲಿ ಮೂರು ಪದರ. ಮನೆಯಲ್ಲಿ ಅದೇ ವಂಶ, ಅದೇ ಮುದ್ದೆ. ಬ್ರಹ್ಮಗಿರಿಯಲ್ಲೂ ಬೂದು ಮಡಕೆ ಒಮ್ಮೆಗೇ ನಿಂತುಹೋಗಲಿಲ್ಲ, ಕಪ್ಪು-ಕೆಂಪಿನ ಜತೆ ಕೆಲಕಾಲ ಬೆರೆತೇ ಇದೆ. ಪದರ ನೋಡಿದವರು ವೀಲರೇ, ಬೆರಕೆಯನ್ನು ದಾಖಲಿಸಿದವರೂ ಅವರೇ. ಪಾತ್ರೆ ಬದಲಾದದ್ದನ್ನು ಬೋಕಿ ಹೇಳುತ್ತದೆ. ಜನ ಬದಲಾದರೋ ಇಲ್ಲವೋ ಹೇಳುವುದಿಲ್ಲ.

ಈ ತಿದ್ದುಪಡಿಗಳೆಲ್ಲ ಸಾಧ್ಯವಾದದ್ದು ಏಳನೆಯ ಸಾಲು ಇದ್ದುದರಿಂದ. ಎಲ್ಲಿ ಸಿಕ್ಕಿತು, ಮೇಲೇನಿತ್ತು, ಕೆಳಗೇನಿತ್ತು ಎಂಬುದು ಬರೆದಿಟ್ಟಿದ್ದರೆ ಕಾಲವನ್ನು ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು. ಆ ಸಾಲು ಕಳೆದರೆ ಉಳಿಯುವುದು ಕುಂಟಾಬಿಲ್ಲೆಗೆ ಆಗುವ ಬೋಕಿ. ಬ್ರಹ್ಮಗಿರಿಗೋ ಚಂದ್ರವಳ್ಳಿಗೋ ಹೋದಾಗ, ಅಥವಾ ನಿಮ್ಮದೇ ಹೊಲದಲ್ಲಿ ನೇಗಿಲಿಗೆ ಕಪ್ಪು-ಕೆಂಪು ಚೂರು ಎದ್ದಾಗ, ದಯವಿಟ್ಟು ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಬಿಡಿ, ಒಂದು ಫೋಟೋ ತೆಗೆಯಿರಿ, ಜಾಗ ಗುರುತು ಹಾಕಿ ಪುರಾತತ್ವ ಇಲಾಖೆಗೆ ತಿಳಿಸಿ.